ಮೋಪಾಕ್ಕೆ ಇಳಿಯುವ ಫಾರಿನ್ ವಿಮಾನ ಸಾಂಬ್ರಾಕ್ಕೆ ಯಾಕೆ ಬರಲ್ಲ? ಸೀಜನ್ ವಿಮಾನಗಳಿಗೆ ಪರವಾನಗಿ ಸಿಗುವುದು ಹೀಗೆ

ಯಡೂರು: ಕಬ್ಬಿನ ಕಾರ್ಖಾನೆಗಳು ಚಾಲೂ ಆಗುವ ಹೊತ್ತಿಗೇ ಗೋವಾದಲ್ಲಿ ಇನ್ನೊಂದು ಹಂಗಾಮು ಚಾಲೂ ಆಗುತ್ತದೆ. ಅಕ್ಟೋಬರ್ ಕೊನೆಯಿಂದ ಮಾರ್ಚ್ ತನಕ ಇಂಗ್ಲೆಂಡ್, ರಷ್ಯಾ ಕಡೆಯಿಂದ ಚಳಿ ತಾಳಲಾರದ ಮಂದಿ ವಿಮಾನ ತುಂಬಿಕೊಂಡು ಬಂದು ಇಳಿಯುತ್ತಾರೆ. ಬೆಳಗಾವಿ ಮಾರ್ಕೆಟ್‌ನಿಂದ ಗೋವಾಕ್ಕೆ ಹೋಗುವ ಕಾಯಿಪಲ್ಲೆ ಗಾಡಿಗಳಿಗೂ, ಚಿಕ್ಕೋಡಿ, ನಿಪ್ಪಾಣಿ ಕಡೆಯಿಂದ ಅಲ್ಲಿ ಹೋಟೆಲ್ ಕೆಲಸಕ್ಕೆ ಹೋದ ಹುಡುಗರಿಗೂ ಈ ಲೆಕ್ಕ ಬಾಯಿಪಾಠ. ಸಂಕೇಶ್ವರ–ಆಜರಾ–ಆಂಬೋಲಿ–ಬಾಂದಾ ರಸ್ತೆ ಹಿಡಿದರೆ ಯಡೂರಿನಿಂದ ಮೋಪಾ ವಿಮಾನ ನಿಲ್ದಾಣಕ್ಕೆ ಸುಮಾರು ನಾಲ್ಕು ತಾಸಿನ ದಾರಿ.

ಹಂಗಾಗಿ ವೀರಭದ್ರೇಶ್ವರ ಗುಡಿ ಮುಂದಿನ ಕಟ್ಟೆಯಲ್ಲಿ, ಚಹಾದಂಗಡಿಯಲ್ಲಿ ಕೇಳಿಬರುವ ಪ್ರಶ್ನೆಯೂ ಸಹಜವೇ. "ಕಾಕಾ, ಸಾಂಬ್ರಾದಿಂದ ದುಬೈಗೆ ವಿಮಾನ ಚಾಲೂ ಆಕ್ಕೈತಂತ, ಖರೇ ಏನು?" ಅಂತ ಹುಡುಗ ಕೇಳಿದರೆ, "ಏ ತಮ್ಮಾ, ಅದನ್ನ ನಾ ಹತ್ತ ವರ್ಷದಿಂದ ಕೇಳಾಕತ್ತೇನಿ" ಅನ್ನುವ ಉತ್ತರ ತಯಾರಾಗಿರುತ್ತದೆ. ವಿಮಾನ ಬರದಿದ್ದರೆ ಮಂದಿ ಸಂಸದರನ್ನು ಬೈತಾರೆ, ಇಲ್ಲವೇ ವಿಮಾನ ಕಂಪನಿಯನ್ನು. ಆದರೆ ಒಂದು ವಿಮಾನ ಬೇರೆ ದೇಶದಿಂದ ಬಂದು ಇಳಿಯಬೇಕಾದರೆ ಎಷ್ಟು ಬಾಗಿಲು ದಾಟಬೇಕು, ಯಾವ ಬಾಗಿಲ ಕೀಲಿ ಯಾರ ಕೈಯಲ್ಲಿದೆ ಎಂಬುದು ಗೊತ್ತಾದರೆ ಯಾರನ್ನು ಏನು ಕೇಳಬೇಕು ಎಂಬುದೂ ಗೊತ್ತಾಗುತ್ತದೆ.

ಆಕಾಶಕ್ಕೂ ಗಡಿ ಉಂಟು

ರಸ್ತೆಯಲ್ಲಿ ಕಾಗವಾಡ ದಾಟಿ ಮಿರಜಕ್ಕೆ ಹೋಗೋದಕ್ಕೆ ಯಾರ ಅಪ್ಪಣೆಯೂ ಬೇಡ. ಎರಡು ದೇಶಗಳ ನಡುವಿನ ಆಕಾಶ ಹಾಗಲ್ಲ. 1944ರ ಡಿಸೆಂಬರ್ 7ರಂದು ಅಮೆರಿಕದ ಶಿಕಾಗೋ ನಗರದಲ್ಲಿ ಆದ ಒಪ್ಪಂದ ಇವತ್ತಿಗೂ ಜಗತ್ತಿನ ವಿಮಾನಯಾನದ ಮೂಲ ಕಾಗದ. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ತಿ ಅಧಿಕಾರ ಇದೆ ಎಂಬುದು ಅದರ ಮೊದಲ ಮಾತು. ಅದೇ ಒಪ್ಪಂದದ ಐದನೇ ಮತ್ತು ಆರನೇ ಕಲಮುಗಳು ವಿಮಾನಗಳನ್ನು ಎರಡು ಜಾತಿ ಮಾಡುತ್ತವೆ: ವೇಳಾಪಟ್ಟಿ ಹಾಕಿಕೊಂಡು ಓಡಾಡುವವು ಒಂದು, ವೇಳಾಪಟ್ಟಿ ಇಲ್ಲದವು ಇನ್ನೊಂದು. ವೇಳಾಪಟ್ಟಿಯ ವಿಮಾನ ಇನ್ನೊಂದು ದೇಶಕ್ಕೆ ಹೋಗಬೇಕಾದರೆ ಆ ದೇಶದ ವಿಶೇಷ ಅನುಮತಿ ಬೇಕೇ ಬೇಕು. ವೇಳಾಪಟ್ಟಿ ಇಲ್ಲದ ವಿಮಾನಕ್ಕೆ ನಿಯಮ ಸ್ವಲ್ಪ ಸಡಿಲ. ಆದರೆ ಇಳಿಸಿಕೊಳ್ಳುವ ದೇಶ ತನ್ನ ಷರತ್ತು ಹಾಕಬಹುದು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ರೂಟ್ ಪರ್ಮಿಟ್ ಇರುವ ಬಸ್. ಗಿರಾಕಿ ಇರಲಿ ಬಿಡಲಿ, ಹೇಳಿದ ವೇಳೆಗೆ ಬಿಡಬೇಕು. ಎರಡನೆಯದು ಮದುವೆಗೆ, ಯಾತ್ರೆಗೆ ಇಡಿಯಾಗಿ ಬಾಡಿಗೆ ಹಿಡಿದ ಗಾಡಿ. ವಿಮಾನದ ಭಾಷೆಯಲ್ಲಿ ಅದಕ್ಕೆ ಚಾರ್ಟರ್ ಅಂತಾರೆ. ಸೀಜನ್ ಪ್ರವಾಸದ ವಿಮಾನಗಳು ಈ ಎರಡೂ ಬಾಗಿಲಿನಿಂದ ಬರುತ್ತವೆ. ಯಾವ ಬಾಗಿಲಿನಿಂದ ಬಂತು ಎನ್ನುವುದರ ಮೇಲೆ ಪರವಾನಗಿಯೂ ಬೇರೆ, ಪ್ರಯಾಣಿಕನ ಹಕ್ಕೂ ಬೇರೆ.

ವೇಳಾಪಟ್ಟಿಯ ವಿಮಾನಕ್ಕೆ ಮೊದಲು ಎರಡು ದೇಶಗಳ ಸರ್ಕಾರಗಳು ಕೂತು ಒಪ್ಪಂದ ಮಾಡಿಕೊಂಡಿರಬೇಕು. ಭಾರತ ನೂರಕ್ಕೂ ಹೆಚ್ಚು ದೇಶಗಳ ಜೊತೆ ಇಂಥ ಒಪ್ಪಂದ ಮಾಡಿಕೊಂಡಿದೆ. ವಾರಕ್ಕೆ ಎಷ್ಟು ಸೀಟು ಅಥವಾ ಎಷ್ಟು ವಿಮಾನ, ಯಾವ ಕಂಪನಿಗಳು, ಮುಖ್ಯವಾಗಿ ಯಾವ ಯಾವ ಊರು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಆ ಊರುಗಳಿಗೆ 'ಪಾಯಿಂಟ್ ಆಫ್ ಕಾಲ್' ಎನ್ನುತ್ತಾರೆ. ಪಟ್ಟಿಯಲ್ಲಿ ಊರಿನ ಹೆಸರಿಲ್ಲದಿದ್ದರೆ ಆ ದೇಶದ ಕಂಪನಿ ಅಲ್ಲಿಗೆ ನಿತ್ಯದ ವಿಮಾನ ತರುವಂತಿಲ್ಲ, ರನ್‌ವೇ ಎಷ್ಟೇ ಉದ್ದ ಇದ್ದರೂ.

ಒಪ್ಪಂದದಲ್ಲಿ ಭಾರತಕ್ಕೆ ಸಿಕ್ಕ ಪಾಲನ್ನು ನಮ್ಮ ಕಂಪನಿಗಳಿಗೆ ಹಂಚುವುದು ದೆಹಲಿಯ ನಾಗರಿಕ ವಿಮಾನಯಾನ ಸಚಿವಾಲಯ. ಇಂಡಿಗೋ ಅಥವಾ ಏರ್ ಇಂಡಿಯಾ ಎಕ್ಸ್‌ಪ್ರೆಸ್ 'ಇಂಥ ಊರಿಗೆ ವಾರಕ್ಕೆ ಇಷ್ಟು ಸಲ ಹಾರುತ್ತೇವೆ' ಎಂದು ಅರ್ಜಿ ಹಾಕಬೇಕು. ಆಮೇಲೆ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ವೇಳಾಪಟ್ಟಿ ಮಂಜೂರು ಮಾಡುತ್ತದೆ. ವಿದೇಶಿ ಕಂಪನಿಯಾದರೆ ಮೊದಲು ಅದರದೇ ಸರ್ಕಾರ ಅದನ್ನು ಹೆಸರಿಸಬೇಕು, ಆಮೇಲೆ ಡಿಜಿಸಿಎ ಹಾರಾಟದ ಅಧಿಕಾರಪತ್ರ ಕೊಡಬೇಕು. ಇಷ್ಟಾದ ಮೇಲೂ ಆ ನಿಲ್ದಾಣದಲ್ಲಿ ಇಳಿಯುವ ವೇಳೆ, ಅಂದರೆ ಸ್ಲಾಟ್, ಸಿಗಬೇಕು.

ವರ್ಷಕ್ಕೆ ಎರಡೇ ಹಂಗಾಮು

ರೈತರಿಗೆ ಮುಂಗಾರು, ಹಿಂಗಾರು ಇದ್ದ ಹಾಗೆ ವಿಮಾನದವರಿಗೂ ಎರಡು ಹಂಗಾಮು. ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದ ಹಿಂದಿನ ದಿನದ ತನಕ ಬೇಸಿಗೆ ವೇಳಾಪಟ್ಟಿ, ಉಳಿದದ್ದು ಚಳಿಗಾಲದ್ದು. 2025ರ ಅಕ್ಟೋಬರ್ 26ರಿಂದ 2026ರ ಮಾರ್ಚ್ 28ರ ತನಕದ ಚಳಿಗಾಲದ ವೇಳಾಪಟ್ಟಿಯನ್ನು ಎಣಿಸಿದರೆ ಸರಿಯಾಗಿ 22 ವಾರ. ಒಂದು ಕಂಪನಿ 'ಈ ಚಳಿಗಾಲಕ್ಕೆ ಮಾತ್ರ ಗೋವಾಕ್ಕೆ ಹಾರುತ್ತೇವೆ' ಎಂದರೆ ಈ 22 ವಾರಗಳಿಗೆ ಸ್ಲಾಟು, ವೇಳಾಪಟ್ಟಿ ಕೇಳುತ್ತದೆ. ಮಾರ್ಚ್ ಮುಗಿದ ಮೇಲೆ ಅದೇ ವಿಮಾನವನ್ನು ಯುರೋಪಿನ ಸಮುದ್ರತೀರಗಳ ಕಡೆ ತಿರುಗಿಸುತ್ತದೆ. ವಿಮಾನ ನಿಂತರೆ ನಷ್ಟ. ಕಬ್ಬಿನ ಹಂಗಾಮು ಮುಗಿದ ಮೇಲೆ ಟ್ರ್ಯಾಕ್ಟರ್ ಸುಮ್ಮನೆ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲವಲ್ಲ, ಅದೇ ಲೆಕ್ಕ ಇಲ್ಲಿಯೂ.

ಸೀಜನ್ ವಿಮಾನ ಅಂದ ಕೂಡಲೇ ಬೀಚು ಮಾತ್ರ ನೆನಪಾಗಬೇಕಿಲ್ಲ. ನಮ್ಮ ಭಾಗದ ಎಷ್ಟೋ ಮನೆಗಳು ಕಂಡಿರುವ ಸೀಜನ್ ವಿಮಾನ ಹಜ್ ಯಾತ್ರೆಯದು. ಪ್ರತಿ ವರ್ಷ ಭಾರತ ಮತ್ತು ಸೌದಿ ಅರೇಬಿಯಾ ಸರ್ಕಾರಗಳು ಒಪ್ಪಂದಕ್ಕೆ ಸಹಿ ಹಾಕುತ್ತವೆ. 2025ರಲ್ಲಿ ಭಾರತದ ಕೋಟಾ 1,75,025 ಇತ್ತು. ಯಾವ ಊರುಗಳಿಂದ ವಿಮಾನ ಬಿಡಬೇಕು ಎಂಬುದು ಮೊದಲೇ ನಿಗದಿಯಾಗುತ್ತದೆ. ಕರ್ನಾಟಕದ ಯಾತ್ರಿಕರಿಗೆ ಮುಖ್ಯ ನಿಲ್ದಾಣ ಬೆಂಗಳೂರು. ಹಂಗಾಮು ಮುಗಿದರೆ ಆ ವಿಮಾನಗಳೂ ಮುಗಿದವು.

ಗೋವಾಕ್ಕೆ ಬಾಗಿಲು ತೆರೆದದ್ದು ಚಾರ್ಟರ್

ಗೋವಾ ಇವತ್ತು ಏನಾಗಿದೆಯೋ ಅದರಲ್ಲಿ ಚಾರ್ಟರ್ ವಿಮಾನಗಳ ಪಾಲು ದೊಡ್ಡದು. 1980ರ ದಶಕದ ನಡುವಿನಿಂದ ಈ ವಿಮಾನಗಳು ಬರತೊಡಗಿದವು. ಮೊದಲು ಬಂದವರಲ್ಲಿ ಜರ್ಮನಿಯ ಕಾಂಡೋರ್ ಕಂಪನಿ ಒಂದು. ಇದರ ಸೂತ್ರ ಸರಳ. ಅಲ್ಲಿನ ಟೂರ್ ಕಂಪನಿ ಇಡೀ ವಿಮಾನವನ್ನು ಬಾಡಿಗೆ ಹಿಡಿದು, ಟಿಕೆಟ್, ಹೋಟೆಲ್, ಓಡಾಟ ಎಲ್ಲ ಸೇರಿಸಿ ಒಂದೇ ದರದ ಪ್ಯಾಕೇಜ್ ಮಾರುತ್ತದೆ. ಪ್ರವಾಸಿ ಎರಡು ವಾರ ಇದ್ದು ಅದೇ ಕಂಪನಿಯ ವಿಮಾನದಲ್ಲಿ ವಾಪಸ್ ಹೋಗುತ್ತಾನೆ. ನಮ್ಮ ಸರ್ಕಾರಕ್ಕೂ ಇದು ಸುಲಭವಾಗಿತ್ತು. ಎರಡು ದೇಶಗಳ ಸೀಟಿನ ಕೋಟಾ ಮುಟ್ಟದೆ, ಏರ್ ಇಂಡಿಯಾದ ನಿತ್ಯದ ಗಿರಾಕಿಗೆ ಕೈಹಾಕದೆ, ಡಾಲರು ಪೌಂಡು ಒಳಗೆ ಬರುತ್ತಿತ್ತು. ಇಂಥ ಚಾರ್ಟರ್‌ಗೆ ಎರಡು ದೇಶಗಳ ಒಪ್ಪಂದದ ಪಟ್ಟಿಯಲ್ಲಿ ಊರಿನ ಹೆಸರು ಹುಡುಕಬೇಕಿಲ್ಲ, ಡಿಜಿಸಿಎ ಅನುಮತಿ ಸಾಕು. ಆದರೆ ಇಳಿಯುವ ನಿಲ್ದಾಣದಲ್ಲಿ ಕಸ್ಟಮ್ಸ್, ಇಮಿಗ್ರೇಶನ್ ಇರಲೇಬೇಕು. ಈ ಷರತ್ತು ನೆನಪಿಟ್ಟುಕೊಳ್ಳಿ, ಸಾಂಬ್ರಾದ ಮಾತು ಬಂದಾಗ ಇದೇ ಮುಖ್ಯ.

ದಾಬೋಳಿಗೆ ತನ್ನದೇ ಒಂದು ತೊಡಕು ಇತ್ತು, ಈಗಲೂ ಇದೆ. ಅದು ನೌಕಾಪಡೆಯ ಐಎನ್‌ಎಸ್ ಹಂಸ ನೆಲೆ. ವಾರದ ದಿನಗಳಲ್ಲಿ ಬೆಳಿಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಒಂದರ ತನಕ ನೌಕಾಪಡೆಯ ತರಬೇತಿ, ಆ ಹೊತ್ತು ನಾಗರಿಕ ವಿಮಾನಗಳಿಗೆ ಬಂದ್. ಉಳಿದ ವೇಳೆಯಲ್ಲಿ ಎಲ್ಲರೂ ನುಗ್ಗುತ್ತಿದ್ದರು. 2022ರ ಡಿಸೆಂಬರ್ 11ರಂದು ಪ್ರಧಾನಿ ಮೋಪಾದ ಮನೋಹರ್ ಅಂತಾರಾಷ್ಟ್ರೀಯ ನಿಲ್ದಾಣವನ್ನು ಉದ್ಘಾಟಿಸಿದರು, 2023ರ ಜನವರಿ 5ರಿಂದ ವಿಮಾನ ಹಾರಾಟ ಶುರುವಾಯಿತು. ಅಲ್ಲಿ ಆ ತಡೆ ಇಲ್ಲ. 2024ರ ಜೂನ್‌ನಲ್ಲಿ ಕತಾರ್ ಏರ್‌ವೇಸ್ ದಾಬೋಳಿ ಬಿಟ್ಟು ಮೋಪಾಕ್ಕೆ ಬಂತು. ನಿಪ್ಪಾಣಿ, ಚಿಕ್ಕೋಡಿ ಭಾಗಕ್ಕೆ ಇದು ಸದ್ದಿಲ್ಲದೆ ಆದ ಲಾಭ: ದಾಬೋಳಿಗಿಂತ ಮೋಪಾ ನಮಗೆ ಹತ್ತಿರ.

ಚಾರ್ಟರ್ ನಂಬಿಕೊಂಡ ಊರಿನ ಎದೆಬಡಿತವೂ ಗೋವಾಕ್ಕೆ ಚೆನ್ನಾಗಿ ಗೊತ್ತು. 2015ರ ಅಕ್ಟೋಬರ್‌ನಲ್ಲಿ ರಷ್ಯಾದ ಟ್ರಾನ್ಸ್‌ಏರೋ ಮುಚ್ಚಿತು. 2017ರಲ್ಲಿ ಬ್ರಿಟನ್ನಿನ ಮೊನಾರ್ಕ್ ಮುಚ್ಚಿತು. 2019ರ ಸೆಪ್ಟೆಂಬರ್ 23ರಂದು, ಗೋವಾ ಹಂಗಾಮಿಗೆ ಒಂದು ತಿಂಗಳು ಬಾಕಿ ಇರುವಾಗ, ಬ್ರಿಟನ್ನಿನ ಥಾಮಸ್ ಕುಕ್ ದಿವಾಳಿಯಾಯಿತು. (ಭಾರತದಲ್ಲಿರುವ ಥಾಮಸ್ ಕುಕ್ ಬೇರೆ ಮಾಲೀಕರದು, ಅದಕ್ಕೂ ಇದಕ್ಕೂ ಸಂಬಂಧ ಇರಲಿಲ್ಲ.) ಪರವಾನಗಿ ಇತ್ತು, ಸ್ಲಾಟ್ ಇತ್ತು, ಹೋಟೆಲ್ ರೂಮ್ ಬುಕ್ ಆಗಿತ್ತು, ವಿಮಾನವೇ ಇಲ್ಲ. ಆಮೇಲೆ ಕೊರೊನಾ, ಅದರ ಬೆನ್ನಿಗೇ ರಷ್ಯಾ–ಯುಕ್ರೇನ್ ಯುದ್ಧ. ಬ್ರಿಟನ್ ಪ್ರಜೆಗಳಿಗೆ ನಿಂತುಹೋಗಿದ್ದ ಇ–ವೀಸಾ ಮತ್ತೆ ಚಾಲೂ ಆದದ್ದು 2022ರ ಡಿಸೆಂಬರ್‌ನಲ್ಲಿ. ವೀಸಾ ಇಲ್ಲದೆ ವಿಮಾನಕ್ಕಷ್ಟೇ ಪರವಾನಗಿ ಕೊಟ್ಟರೆ ಏನು ಉಪಯೋಗ? ಆ ವರ್ಷ ಗೋವಾದ ಟ್ಯಾಕ್ಸಿಯವರು ಕೇಳಿದ್ದು ಇದನ್ನೇ.

ಸಾಂಬ್ರಾಕ್ಕೆ ಏನು ಕೊರತೆ?

ಬೆಳಗಾವಿಯ ಸಾಂಬ್ರಾ ನಿಲ್ದಾಣ ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ್ದು. ಇವತ್ತೂ ಪಕ್ಕದಲ್ಲೇ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ ಇದೆ. 2017ರ ಸೆಪ್ಟೆಂಬರ್ 14ರಂದು ಈಗಿನ ಟರ್ಮಿನಲ್ ಉದ್ಘಾಟನೆಯಾಯಿತು, ರನ್‌ವೇ 2,300 ಮೀಟರ್‌ಗೆ ಏರಿತು. ಇನ್ನೂ ದೊಡ್ಡ ಟರ್ಮಿನಲ್‌ಗೆ 2024ರ ಮಾರ್ಚ್ 10ರಂದು ಶಂಕುಸ್ಥಾಪನೆ ಆಗಿದೆ. ಅದೇ ದಿನ ಹುಬ್ಬಳ್ಳಿಯ ಟರ್ಮಿನಲ್‌ಗೂ ಶಂಕುಸ್ಥಾಪನೆ ಆಯಿತು, ಕೊಲ್ಹಾಪುರದ ಹೊಸ ಟರ್ಮಿನಲ್ ಉದ್ಘಾಟನೆಯೂ ಆಯಿತು.

ಭಾಷಣದಲ್ಲಿ 'ಅಂತಾರಾಷ್ಟ್ರೀಯ ಮಟ್ಟದ ನಿಲ್ದಾಣ' ಅನ್ನುವುದು ಬೇರೆ, ಅಂತಾರಾಷ್ಟ್ರೀಯ ನಿಲ್ದಾಣ ಬೇರೆ. ಮೊದಲನೆಯದಕ್ಕೆ ಗಾಜು, ಗ್ರಾನೈಟ್, ಎಸಿ ಇದ್ದರೆ ಸಾಕು. ಎರಡನೆಯದಕ್ಕೆ ದೆಹಲಿಯ ಕಾಗದ ಬೇಕು, ಅದೂ ಒಂದಲ್ಲ.

ಮೊದಲ ಕಾಗದ ಕಸ್ಟಮ್ಸ್. 1962ರ ಸುಂಕ ಕಾಯ್ದೆಯ ಏಳನೇ ಕಲಮಿನಡಿ ಆ ನಿಲ್ದಾಣವನ್ನು ಕಸ್ಟಮ್ಸ್ ನಿಲ್ದಾಣ ಎಂದು ಅಧಿಸೂಚನೆ ಹೊರಡಿಸಬೇಕು. ಅದು ಹಣಕಾಸು ಸಚಿವಾಲಯದ ಕೆಳಗಿನ ಕೆಲಸ. ಎರಡನೆಯದು ಪಾಸ್‌ಪೋರ್ಟ್ ನೋಡುವ ಇಮಿಗ್ರೇಶನ್ ಠಾಣೆ, ಅದು ಗೃಹ ಸಚಿವಾಲಯದ್ದು. ರೋಗ ತಪಾಸಣೆಯ ಅಧಿಕಾರಿಗಳು ಆರೋಗ್ಯ ಸಚಿವಾಲಯದವರು. ಅಂದರೆ ವಿಮಾನಯಾನ ಸಚಿವರು ಒಪ್ಪಿದರೂ ಇನ್ನೂ ಮೂರು ಸಚಿವಾಲಯ ಒಪ್ಪಬೇಕು, ಸಿಬ್ಬಂದಿ ಕೊಡಬೇಕು. ದಿನಕ್ಕೆ ಒಂದೂ ವಿದೇಶಿ ವಿಮಾನ ಇಲ್ಲದ ಊರಿಗೆ ಯಾಕೆ ಸಿಬ್ಬಂದಿ ಎಂದು ಅವರು ಕೇಳುತ್ತಾರೆ, ಸಿಬ್ಬಂದಿ ಇಲ್ಲದ ಊರಿಗೆ ಹೇಗೆ ಹಾರೋಣ ಎಂದು ವಿಮಾನ ಕಂಪನಿ ಕೇಳುತ್ತದೆ. ಕೋಳಿ ಮೊದಲೋ ತತ್ತಿ ಮೊದಲೋ ಎಂಬ ಹಳೇ ಜಗಳ.

ಈ ಗಂಟು ಬಿಡಿಸಿಕೊಂಡ ಊರುಗಳಿವೆ. ಸೂರತ್ ನೋಡಿ. ಅಲ್ಲಿ ಕಸ್ಟಮ್ಸ್ ಅಧಿಸೂಚನೆ ಬಂದ ಮೇಲೆ 2019ರ ಫೆಬ್ರವರಿಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಶಾರ್ಜಾಕ್ಕೆ ಹಾರತೊಡಗಿತು. ಕೇಂದ್ರ ಸಂಪುಟ ಸೂರತ್ತನ್ನು ಅಂತಾರಾಷ್ಟ್ರೀಯ ನಿಲ್ದಾಣ ಎಂದು ಘೋಷಿಸಿದ್ದು 2023ರ ಡಿಸೆಂಬರ್ 15ರಂದು. ಅಂದರೆ ಬೋರ್ಡು ಬರುವ ಸುಮಾರು ಐದು ವರ್ಷ ಮುಂಚೆಯೇ ವಿಮಾನ ಬಂದಿತ್ತು. ಮಂಗಳೂರಿನಲ್ಲೂ ಹಾಗೇ: ದುಬೈ ವಿಮಾನ 2006ರಲ್ಲಿ ಶುರು, ಅಂತಾರಾಷ್ಟ್ರೀಯ ಮಾನ್ಯತೆ 2012ರಲ್ಲಿ. ಹಂಗಾಗಿ ಬೆಳಗಾವಿಗೆ 'ಅಂತಾರಾಷ್ಟ್ರೀಯ' ಎಂಬ ಹೆಸರು ಕೊಡಿ ಎಂದು ಮನವಿ ಕೊಡುವವರು ಅದರ ಬದಲು ಕಸ್ಟಮ್ಸ್ ಅಧಿಸೂಚನೆ, ಇಮಿಗ್ರೇಶನ್ ಠಾಣೆ ಎಂದು ಸ್ಪಷ್ಟವಾಗಿ ಕೇಳಿದರೆ ಮನವಿಗೆ ತೂಕ ಬರುತ್ತದೆ.

ಇನ್ನೊಂದು ಪಾಠ ಕೇರಳದ ಕಣ್ಣೂರಿನದು. 2018ರ ಡಿಸೆಂಬರ್ 9ರಂದು ಶುರುವಾದ ನಿಲ್ದಾಣ. ಮೂರು ಸಾವಿರ ಮೀಟರ್ ದಾಟಿದ ರನ್‌ವೇ, ಕೊಲ್ಲಿಗೆ ಹೋಗುವ ಮನೆಮನೆಯ ಮಂದಿ, ಎಲ್ಲ ಇತ್ತು. ಆದರೆ ವಿದೇಶಿ ಕಂಪನಿಗಳಿಗೆ 'ಪಾಯಿಂಟ್ ಆಫ್ ಕಾಲ್' ಕೊಡಿ ಎಂದು ವರ್ಷಗಟ್ಟಲೆ ಕೇಳಬೇಕಾಯಿತು. ನಮ್ಮ ಕಂಪನಿಗಳ ವಿಮಾನ ಮಾತ್ರ ಹಾರಬಹುದು ಎಂಬ ನಿಲುವು ದೆಹಲಿಯದು. ಮಂಗಳೂರಿನಲ್ಲೂ ಕೊಲ್ಲಿಗೆ ಹಾರುವವು ನಮ್ಮ ದೇಶದ ಕಂಪನಿಗಳ ವಿಮಾನಗಳೇ. ಇದರ ಹಿಂದೆ ಒಂದು ವಾದ ಇದೆ: ಕೊಲ್ಲಿಯ ದೊಡ್ಡ ಕಂಪನಿಗಳಿಗೆ ನಮ್ಮ ಸಣ್ಣ ಊರುಗಳನ್ನೆಲ್ಲ ಬಿಟ್ಟುಕೊಟ್ಟರೆ ಅವರು ನಮ್ಮ ಪ್ರಯಾಣಿಕರನ್ನು ತಮ್ಮೂರಿಗೆ ಒಯ್ದು ಅಲ್ಲಿಂದ ಅಮೆರಿಕ, ಯುರೋಪಿಗೆ ಸಾಗಿಸಿ ಲಾಭ ಮಾಡಿಕೊಳ್ಳುತ್ತಾರೆ, ನಮ್ಮ ಕಂಪನಿಗಳು ಬೆಳೆಯುವುದಿಲ್ಲ. ವಾದದಲ್ಲಿ ಹುರುಳಿದೆ. ಅದರ ಬೆಲೆ ಕೊಡುವವರು ಮಾತ್ರ ಸಣ್ಣ ಊರಿನವರು.

ಪ್ರವಾಸಕ್ಕೆಂದೇ ಸಡಿಲ ಬಿಟ್ಟ ಒಂದು ಪಟ್ಟಿಯೂ ಇದೆ. ಥಾಯ್ಲೆಂಡ್, ಸಿಂಗಾಪುರ, ಮಲೇಷ್ಯಾ ಸೇರಿದ ಆಸಿಯಾನ್ ದೇಶಗಳ ಕಂಪನಿಗಳು ಭಾರತದ 18 ಪ್ರವಾಸಿ ಊರುಗಳಿಗೆ ಮಿತಿ ಇಲ್ಲದೆ ಹಾರಬಹುದು ಎಂದು ಸರ್ಕಾರ ಎರಡು ದಶಕದ ಹಿಂದೆಯೇ ಹೇಳಿತ್ತು. ಗೋವಾ ಆ ಪಟ್ಟಿಯಲ್ಲಿದೆ. ಔರಂಗಾಬಾದ್ ಇದೆ, ಖಜುರಾಹೊ ಇದೆ, ಬುದ್ಧಗಯೆಯ ಗಯಾ ಇದೆ. ಕರ್ನಾಟಕದ ಒಂದು ಊರೂ ಇಲ್ಲ. ಬೆಂಗಳೂರಿಗೆ ಬೇರೆ ಲೆಕ್ಕದಲ್ಲಿ ವಿಮಾನಗಳು ಬರುತ್ತವೆ, ಆ ಮಾತು ಬೇರೆ. ಹಂಪಿ, ಬಾದಾಮಿ, ಪಟ್ಟದಕಲ್ಲು ಇಟ್ಟುಕೊಂಡ ಉತ್ತರ ಕರ್ನಾಟಕದ ಹೆಸರಿನಲ್ಲಿ ಒಂದು ನಿಲ್ದಾಣ ಆ ಪಟ್ಟಿಗೆ ಸೇರಲಿಲ್ಲ ಎಂಬುದು ನಮ್ಮ ಜನಪ್ರತಿನಿಧಿಗಳಿಗೆ ಕೇಳಬೇಕಾದ ಪ್ರಶ್ನೆ.

ಕಾಗದ ಸಿಕ್ಕರೂ ವಿಮಾನ ಯಾರದು?

ಇಷ್ಟೆಲ್ಲ ಪರವಾನಗಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಹಾರಿಸುವವರು ಯಾರು?

ನಮ್ಮ ಭಾಗದ ಮಂದಿಗೆ ಮೊದಲು ನೆನಪಾಗುವುದು ಸ್ಟಾರ್ ಏರ್. ಪಕ್ಕದ ಜಯಸಿಂಗಪುರದ ಘೋಡಾವತ್ ಸಮೂಹದ ಕಂಪನಿ, 2019ರ ಜನವರಿಯಲ್ಲಿ ಹಾರಾಟ ಶುರುಮಾಡಿದ್ದು. 'ನಮ್ಮವರೇ ಅದಾರ, ದುಬೈಗೆ ಬಿಡಲಿ' ಎನ್ನುವುದು ಸುಲಭ. ಆದರೆ 2016ರ ರಾಷ್ಟ್ರೀಯ ವಿಮಾನಯಾನ ನೀತಿಯ ಪ್ರಕಾರ ವಿದೇಶಕ್ಕೆ ನಿತ್ಯದ ಸೇವೆ ಶುರುಮಾಡಬೇಕಾದರೆ ಕಂಪನಿ 20 ವಿಮಾನಗಳನ್ನು ಅಥವಾ ತನ್ನ ಒಟ್ಟು ಸಾಮರ್ಥ್ಯದ ಶೇ. 20ರಷ್ಟನ್ನು, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು, ದೇಶದೊಳಗೆ ಹಾರಿಸುತ್ತಿರಬೇಕು. ಅದಕ್ಕೂ ಮುಂಚೆ ಐದು ವರ್ಷದ ಅನುಭವವೂ ಬೇಕಿತ್ತು, ಆ ಷರತ್ತು 2016ರಲ್ಲಿ ಹೋಯಿತು. 20 ವಿಮಾನದ ಷರತ್ತು ಉಳಿಯಿತು. 50 ಸೀಟಿನ, 76 ಸೀಟಿನ ಎಂಬ್ರೇಯರ್ ವಿಮಾನ ಇಟ್ಟುಕೊಂಡ ಸಣ್ಣ ಕಂಪನಿಗೆ ಆ ಸಂಖ್ಯೆ ಮುಟ್ಟುವುದೇ ದೊಡ್ಡ ಮಾತು. ಹಂಗಾಗಿ ಉಳಿಯುವುದು ಇಂಡಿಗೋ, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಂಥ ದೊಡ್ಡವರು.

ರನ್‌ವೇ ಅಡ್ಡಿಯೇ? ಪೂರ್ತಿ ಅಲ್ಲ. ಮಂಗಳೂರಿನ ರನ್‌ವೇ 2,450 ಮೀಟರ್, ಬೆಳಗಾವಿಯದಕ್ಕಿಂತ 150 ಮೀಟರ್ ಮಾತ್ರ ಹೆಚ್ಚು. ಆದರೆ ಮಂಗಳೂರು ಸಮುದ್ರದ ಹತ್ತಿರ, ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಷ್ಟೂ ಗಾಳಿ ತೆಳು. ಏಪ್ರಿಲ್–ಮೇ ಬಿಸಿಲಲ್ಲಿ ಇನ್ನೂ ತೆಳು. ವಿಮಾನ ಮೇಲೇಳಲು ಹೆಚ್ಚು ದೂರ ಓಡಬೇಕು. 180 ಸೀಟು ತುಂಬಿ, ಕೊಲ್ಲಿ ತಲುಪುವಷ್ಟು ಇಂಧನ ತುಂಬಿ ಹೊರಟರೆ ಭಾರ ಇಳಿಸಬೇಕಾದ ದಿನಗಳು ಬರಬಹುದು. ಕಂಪನಿಯ ಲೆಕ್ಕದಲ್ಲಿ ಖಾಲಿ ಬಿಟ್ಟ ಪ್ರತಿ ಸೀಟೂ ನಷ್ಟವೇ.

ಅಸಲು ಅಡ್ಡಿ ಗಿರಾಕಿಯದು. ಚಳಿಗಾಲದ 22 ವಾರ, ವಾರಕ್ಕೆ ಎರಡು ಸಲ, 180 ಸೀಟಿನ ವಿಮಾನ ಎಂದರೆ ಹೋಗುವಾಗ 7,920 ಸೀಟು, ಬರುವಾಗ ಮತ್ತೆ ಅಷ್ಟೇ. ಗೋವಾಕ್ಕೆ ಬರುವ ಮಂದಿ ಚಳಿಗಾಲದಲ್ಲಿ ಬರುತ್ತಾರೆ, ಅದು ಗೋವಾದ ಹಂಗಾಮು. ನಮ್ಮ ಕಡೆ ಆ ಐದು ತಿಂಗಳು ಕಬ್ಬು ಕಡಿಯುವ ಕಾಲ. ಗ್ಯಾಂಗು, ಗಾಡಿ, ಕಾರ್ಖಾನೆ ಸರದಿ ಬಿಟ್ಟು ಯಾವ ರೈತ ಟೂರ್ ಹೋದಾನು? ಬಿಲ್ಲು ಕೈಗೆ ಬಂದು, ಮಕ್ಕಳ ಶಾಲೆಗೆ ರಜೆ ಬಿದ್ದ ಮೇಲೆ, ಅಂದರೆ ಏಪ್ರಿಲ್–ಮೇನಲ್ಲಿ ನಮ್ಮ ಮಂದಿ ಹೊರಡುತ್ತಾರೆ. ಅಷ್ಟೊತ್ತಿಗೆ ಅಲ್ಲಿಂದ ಬರುವವರು ಮುಗಿದಿರುತ್ತಾರೆ. ಒಂದು ಕಡೆ ತುಂಬಿ ಇನ್ನೊಂದು ಕಡೆ ಖಾಲಿ ಹಾರಿದರೆ ಟಿಕೆಟ್ ದರ ಇಮ್ಮಡಿ ಆಗಬೇಕು.

ಸರ್ಕಾರ ರೊಕ್ಕ ಕೊಟ್ಟರೆ ಆಗದೇ ಎಂದರೆ, ಅದೂ ಒಮ್ಮೆ ಆಗಿ ನೋಡಿದೆ. ಆಂಧ್ರಪ್ರದೇಶ ಸರ್ಕಾರ ನಷ್ಟ ತುಂಬಿಕೊಡುವ ಮಾತು ಕೊಟ್ಟು 2018ರ ಡಿಸೆಂಬರ್‌ನಲ್ಲಿ ವಿಜಯವಾಡದಿಂದ ಸಿಂಗಾಪುರಕ್ಕೆ ಇಂಡಿಗೋ ವಿಮಾನ ಶುರುಮಾಡಿಸಿತು. 2019ರ ಮಧ್ಯದ ಹೊತ್ತಿಗೆ ಅದು ನಿಂತಿತು. ಬೆಳಗಾವಿಯೇ ಉಡಾನ್ ಯೋಜನೆಯಲ್ಲಿ ಇಂಥದ್ದನ್ನು ದೇಶದೊಳಗಿನ ವಿಮಾನಗಳಲ್ಲಿ ಕಂಡಿದೆ. ಉಡಾನ್‌ನಲ್ಲಿ ನಷ್ಟ ತುಂಬಿಕೊಡುವುದು ಮೂರು ವರ್ಷ ಮಾತ್ರ. ಆ ಮೂರು ವರ್ಷದಲ್ಲಿ ಗಿರಾಕಿ ಬೆಳೆಯದಿದ್ದರೆ ವಿಮಾನ ಬೇರೆ ಊರಿಗೆ ಹೋಗುತ್ತದೆ.

ನಮ್ಮೂರಿಗೆ ಇದರಿಂದ ಏನು?

ಸಾಂಬ್ರಾಕ್ಕೆ ವಿದೇಶಿ ವಿಮಾನ ಬರದಿದ್ದರೂ ಗೋವಾದ ಪರವಾನಗಿ ನಮ್ಮ ಜೇಬಿಗೆ ತಾಗುತ್ತದೆ. ಕಾಯಿಪಲ್ಲೆಯ ಮಾತು ಆಗಲೇ ಬಂತು. ಇನ್ನೊಂದು ಚಪ್ಪಲಿ. ಕೊಲ್ಹಾಪುರಿ ಎಂದು ಗೋವಾದ ಅಂಗಡಿಗಳಲ್ಲಿ ನೇತಾಡುವ ಜೋಡುಗಳಲ್ಲಿ ಅಥಣಿ, ನಿಪ್ಪಾಣಿ ಭಾಗದ ಕೈಗಳ ಕೆಲಸ ಬಹಳ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳಿಗೂ ಸೇರಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಫ್ಯಾಷನ್ ಶೋದಲ್ಲಿ ಅಂಥದ್ದೇ ಚಪ್ಪಲಿ ತೋರಿಸಿದಾಗ ಗದ್ದಲ ಎದ್ದದ್ದು ನೆನಪಿರಬೇಕು. ಪ್ರಾಡಾ ಅಂಗಡಿಗೆ ಹೋಗಲಾರದ ಯುರೋಪಿನ ಮಧ್ಯಮ ವರ್ಗದ ಪ್ರವಾಸಿ ಅದನ್ನು ಕೊಳ್ಳುವುದು ಗೋವಾದ ಬೀದಿಯಲ್ಲಿ. ಒಂದು ಚಾರ್ಟರ್ ಕಂಪನಿ ಮುಚ್ಚಿದರೆ ಆ ವ್ಯಾಪಾರಕ್ಕೂ ಪೆಟ್ಟು.

ಟೂರ್‌ಗೆ ರೊಕ್ಕ ಕಟ್ಟುವ ಮುಂಚೆ

ಇತ್ತೀಚೆಗೆ ಹಳ್ಳಿಗಳಲ್ಲೂ ಬ್ಯಾಂಕಾಕ್, ಬಾಲಿ, ದುಬೈ ಪ್ಯಾಕೇಜ್ ಮಾರುವವರು ಬರುತ್ತಿದ್ದಾರೆ. ಭಾರತೀಯರಿಗೆ ವೀಸಾ ಬೇಡ ಎಂದು ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ ಹೇಳಿದ ಮೇಲೆ ಇದು ಜೋರಾಗಿದೆ. ಬೆಂಗಳೂರಿನಿಂದ ಬಾಲಿಗೆ ಇಂಡಿಗೋ 2024ರ ಮಾರ್ಚ್‌ನಲ್ಲಿ ನೇರ ವಿಮಾನ ಶುರುಮಾಡಿತು. ಮುಂಗಡ ಕೊಡುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ: ಇದು ನಿತ್ಯದ ವಿಮಾನವೋ, ಚಾರ್ಟರೋ?

ನಿತ್ಯದ ವಿಮಾನವಾದರೆ ನಿಮ್ಮ ಹೆಸರಿನಲ್ಲಿ ಆರಕ್ಷರದ ಪಿಎನ್‌ಆರ್ ಇರುತ್ತದೆ, ಕಂಪನಿಯ ವೆಬ್‌ಸೈಟಿನಲ್ಲೇ ನೋಡಿಕೊಳ್ಳಬಹುದು. ವಿಮಾನ ರದ್ದಾದರೆ ಬದಲಿ ವಿಮಾನ ಅಥವಾ ಹಣ ವಾಪಸ್ ಕೊಡಬೇಕೆಂದು ಡಿಜಿಸಿಎ ನಿಯಮ ಹೇಳುತ್ತದೆ. ಚಾರ್ಟರ್ ಆದರೆ ನಿಮ್ಮ ವ್ಯವಹಾರ ವಿಮಾನ ಕಂಪನಿ ಜೊತೆ ಅಲ್ಲ, ಟೂರ್ ಕಂಪನಿ ಜೊತೆ. 'ಸರ್ಕಾರದ ಪರವಾನಗಿ ಬರೋದೈತ್ರಿ, ಮೊದ್ಲ ಬುಕ್ ಮಾಡಿದವ್ರಿಗೆ ಡಿಸ್ಕೌಂಟ್' ಅಂದರೆ ಪರವಾನಗಿ ಬಂದ ಮೇಲೆಯೇ ಬುಕ್ ಮಾಡುತ್ತೇವೆ ಅನ್ನಬೇಕು. ಬ್ರಿಟನ್ನಿನಲ್ಲಿ ಥಾಮಸ್ ಕುಕ್ ಮುಳುಗಿದಾಗ ವಿದೇಶದಲ್ಲಿ ಸಿಕ್ಕಿಬಿದ್ದಿದ್ದ ಸುಮಾರು ಒಂದೂವರೆ ಲಕ್ಷ ಮಂದಿಯನ್ನು ಅಲ್ಲಿನ ವಿಮಾನಯಾನ ಪ್ರಾಧಿಕಾರ ಮನೆ ಮುಟ್ಟಿಸಿತು. ಪ್ಯಾಕೇಜ್ ಮಾರುವವರು ಕಡ್ಡಾಯವಾಗಿ ಹಣ ಕಟ್ಟುವ ರಕ್ಷಣಾ ನಿಧಿ ಅಲ್ಲಿದೆ. ನಮ್ಮಲ್ಲಿ ಅಂಥ ಕಡ್ಡಾಯ ನಿಧಿ ಇಲ್ಲ. 2023ರ ಮೇ 3ರಂದು ಗೋ ಫಸ್ಟ್ ನಿಂತಾಗ ಟಿಕೆಟ್ ಕೊಂಡವರ ಹಣ ದಿವಾಳಿ ಕೋರ್ಟಿನ ಕಾಗದಗಳ ನಡುವೆ ಸಿಕ್ಕಿಕೊಂಡಿತು.

ಪರವಾನಗಿ ಇದ್ದೂ ದಾರಿ ಮುಚ್ಚಬಹುದು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿತು. ಬೇಸಿಗೆ ಪ್ರವಾಸಕ್ಕೆ ಹೆಸರಾಗುತ್ತಿದ್ದ ಅಲ್ಮಾಟಿ, ತಾಷ್ಕೆಂಟ್ ವಿಮಾನಗಳನ್ನು ಇಂಡಿಗೋ ಅದೇ ವಾರ ನಿಲ್ಲಿಸಬೇಕಾಯಿತು. ಸುತ್ತಿ ಹೋಗುವಷ್ಟು ದೂರ ಆ ಸಣ್ಣ ವಿಮಾನಗಳಿಗೆ ಆಗದು.

ಇನ್ನೊಂದು ಸಣ್ಣ ಮಾತು, ಆದರೆ ರೊಕ್ಕದ ಮಾತು. ವಿದೇಶಿ ಪ್ಯಾಕೇಜ್ ಮಾರುವಾಗ ಟಿಸಿಎಸ್ ಎಂದು ಒಂದಿಷ್ಟು ಹಣ ಹಿಡಿಯುತ್ತಾರೆ. ಅದು ಟೂರ್ ಕಂಪನಿಯ ಕಮಿಷನ್ ಅಲ್ಲ, ನಿಮ್ಮ ಪ್ಯಾನ್ ಮೇಲೆ ಸರ್ಕಾರಕ್ಕೆ ಹೋಗುವ ತೆರಿಗೆ. ತೆರಿಗೆ ಬಾಕಿ ಇಲ್ಲದ ರೈತ ಕುಟುಂಬ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಅದು ವಾಪಸ್ ಸಿಗುತ್ತದೆ. ರಸೀದಿ ಇಟ್ಟುಕೊಳ್ಳಬೇಕು, ಪ್ಯಾನ್ ನಂಬರ್ ಸರಿ ಇದೆಯೇ ನೋಡಿಕೊಳ್ಳಬೇಕು. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಹೇಳುವುದಿಲ್ಲ.

ಸದ್ಯಕ್ಕೆ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯವರಿಗೆ ವಿದೇಶಕ್ಕೆ ಹತ್ತಿರದ ಬಾಗಿಲು ಮೋಪಾವೇ. ಆಂಬೋಲಿ ಘಾಟಿನಲ್ಲಿ ಮಳೆಗಾಲದಲ್ಲಿ ಮಂಜು, ಮಣ್ಣು ಕುಸಿತದ ಕಾಟ ಇರುತ್ತದೆ. ಅದೇ ಹೊತ್ತಿಗೆ ಕೃಷ್ಣೆ ತುಂಬಿ ಕಲ್ಲೋಳ–ಯಡೂರು ಸೇತುವೆ ಮುಳುಗಿದರೆ ಊರು ದಾಟಲಿಕ್ಕೇ ಸುತ್ತು ಹೊಡೆಯಬೇಕು. ಜುಲೈ–ಆಗಸ್ಟ್‌ನಲ್ಲಿ ವಿಮಾನ ಇದ್ದವರು ಹಿಂದಿನ ದಿನವೇ ಹೊರಡುವುದು ಚಲೋ.